ಹದಿನೈದು ರವಿವಾರ, ಎಂಟು ಕಾರ್ಟ್ರಿಜ್

ಸೆಪ್ಟೆಂಬರ್ ತಿಂಗಳ ಒಂದು ಶನಿವಾರ. ರಾತ್ರಿ ಒಂಬತ್ತರ ಸುಮಾರಿಗೆ ಅಕ್ಕ ಫೋನ್ ಮಾಡಿದಳು.

"ತಮ್ಮಾ, ಮತ್ತ ಇಂಕ್ ಖಾಲಿ ಅಂತ ತೋರಸಾಕತ್ತೈತಿ. ನಾಳೆ ಮುಂಜಾನೆ ಹುಡುಗರ ಟೆಸ್ಟ್ ಐತಿ. ನಿಮ್ಮ ಮಿಲ್ಲಿನಾಗ ಎಪ್ಪತ್ತೆರಡು ಹಾಳಿ ತಗದು ಕೊಡ್ತೀಯೇನು?"

ನಾನು ವಿಜಯಪುರದ ಒಂದು ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುವವನು. ಹಾಳೆ ತೆಗೆದುಕೊಡುವುದು ದೊಡ್ಡ ಮಾತಲ್ಲ. ಆದರೆ 'ಮತ್ತ' ಅನ್ನುವ ಮಾತು ಕಿವಿಯಲ್ಲಿ ಉಳಿಯಿತು. ಹಿಂದಿನ ತಿಂಗಳೇ ಅವಳು ಮನೆಯ ಪ್ರಿಂಟರಿಗೆ ಇಂಕ್ ತುಂಬಿದ ಹೊಸ ಕಾರ್ಟ್ರಿಜ್ ತಂದಿದ್ದು ನನಗೆ ಗೊತ್ತಿತ್ತು. ಮರುದಿನ ಟೆಸ್ಟ್ ಮುಗಿದ ಮೇಲೆ ಹೋಗಿ, "ಬಿಲ್ ಎಲ್ಲಿ ಇಟ್ಟೀದಿ ತಾ" ಅಂದೆ. ಅವಳು ಬಿಲ್ಲಿನ ಜೊತೆಗೆ ಬಿಸ್ಕೀಟಿನ ಹಳೆಯ ತಗಡಿನ ಡಬ್ಬಿಯನ್ನೂ ತಂದಿಟ್ಟಳು. ಒಳಗೆ ಖಾಲಿ ಕಾರ್ಟ್ರಿಜ್‌ಗಳು. ಕಪ್ಪು ಐದು, ಬಣ್ಣದವು ಮೂರು.

ಮನೆಯ ಪರಿಸ್ಥಿತಿ

ಅಕ್ಕನ ಮನೆ ಆಶ್ರಮ ರಸ್ತೆಯ ಕಡೆ. ಐದನೇ ಇಯತ್ತೆಯ ಹದಿನೆಂಟು ಮಕ್ಕಳಿಗೆ ನವೋದಯ ಶಾಲೆಯ ಪ್ರವೇಶ ಪರೀಕ್ಷೆಯ ಟ್ಯೂಷನ್ ಹೇಳುತ್ತಾಳೆ. ನಮ್ಮ ಊರಿಗೆ ಈ ಹುಚ್ಚು ಹೊಸದೇನಲ್ಲ. 1963ರಲ್ಲಿ ಇಲ್ಲಿ ಸೈನಿಕ ಶಾಲೆ ಶುರುವಾಯಿತು. ಮಕ್ಕಳನ್ನು ಪ್ರವೇಶ ಪರೀಕ್ಷೆಗೆ ತಯಾರು ಮಾಡುವುದು ಇಲ್ಲಿ ಒಂದು ಕಸುಬೇ ಆಗಿಬಿಟ್ಟಿದೆ. ದೊಡ್ಡ ಕೋಚಿಂಗ್‌ನವರು ಪುಸ್ತಕವನ್ನೇ ಅಚ್ಚು ಹಾಕಿಸುತ್ತಾರೆ. ಅಕ್ಕನದು ಪಡಸಾಲೆಯ ಟ್ಯೂಷನ್, ಅವಳ ಹತ್ತಿರ ಇರುವುದು ಮನೆಯ ಪ್ರಿಂಟರ್.

ನವೋದಯ ಪರೀಕ್ಷೆಯಲ್ಲಿ 80 ಪ್ರಶ್ನೆ, 100 ಅಂಕ, ಎರಡು ಗಂಟೆ. ಅದರಲ್ಲಿ 40 ಪ್ರಶ್ನೆ ಮಾನಸಿಕ ಸಾಮರ್ಥ್ಯದ್ದು. ಅಂದರೆ ಚಿತ್ರಗಳು. ಗುಂಪಿಗೆ ಸೇರದ ಆಕೃತಿ ಯಾವುದು, ಕನ್ನಡಿಯಲ್ಲಿ ಹೇಗೆ ಕಾಣುತ್ತದೆ, ಮುಂದಿನ ಆಕೃತಿ ಯಾವುದು, ಹೀಗೆ. ಉಳಿದದ್ದು ಗಣಿತ 20, ಭಾಷೆ 20. ಈ ಚಿತ್ರಗಳನ್ನು ಬಾಯಿಂದ ಹೇಳಿ ಬರೆಸಲು ಆಗುವುದಿಲ್ಲ, ಅಲ್ವಾ? ಅದಕ್ಕೇ ಪ್ರತಿ ರವಿವಾರ ಒಬ್ಬ ಮಗುವಿಗೆ ನಾಲ್ಕು ಹಾಳೆಯ ಪ್ರಶ್ನೆಪತ್ರಿಕೆ. ಹದಿನೆಂಟು ಮಕ್ಕಳಿಗೆ ಎಪ್ಪತ್ತೆರಡು ಹಾಳೆ.

ಪ್ರಿಂಟರ್ ಮೂರು ವರ್ಷದ ಹಿಂದೆ 3,800 ರೂಪಾಯಿಗೆ ತಂದದ್ದು. ಎರಡು ಕಾರ್ಟ್ರಿಜ್‌ನ ಸಣ್ಣ ಇಂಕ್‌ಜೆಟ್. ಒಂದರಲ್ಲಿ ಕಪ್ಪು, ಇನ್ನೊಂದರಲ್ಲಿ ಮೂರು ಬಣ್ಣ ಒಟ್ಟಿಗೆ. ಕಂಪನಿಯ ಹೆಸರು ಇಲ್ಲಿ ಬೇಡ. ಕೊನೆಗೆ ತಪ್ಪು ಅವರದು ಅಂತೇನೂ ಆಗಲಿಲ್ಲ.

ಬಿಲ್ ಕೂಡಿಸಿದೆ. ಕಪ್ಪು ಒಂದಕ್ಕೆ 890 ರೂಪಾಯಿ, ಐದಕ್ಕೆ 4,450. ಬಣ್ಣದ್ದು 920, ಮೂರಕ್ಕೆ 2,760. ಒಟ್ಟು 7,210. ಪ್ರಿಂಟರಿನ ಬೆಲೆಯ ಹೆಚ್ಚುಕಡಿಮೆ ಎರಡು ಪಟ್ಟು, ಅದೂ ಮೂರೂವರೆ ತಿಂಗಳಲ್ಲಿ. ಹಾಳೆಯ ಲೆಕ್ಕವೂ ಸಿಕ್ಕಿತು. ಜೂನ್‌ನಿಂದ ಹದಿನೈದು ರವಿವಾರಕ್ಕೆ 1,080 ಹಾಳೆ, ಮನೆಯ ಸಣ್ಣಪುಟ್ಟದ್ದಕ್ಕೆ ಇಪ್ಪತ್ತು. 1,100 ಅಂತ ಹಿಡಿದೆ. ಒಂದು ಹಾಳೆಗೆ ಆರೂವರೆ ರೂಪಾಯಿ ಬಿತ್ತು. ಜೆರಾಕ್ಸ್ ಅಂಗಡಿಯಲ್ಲಿ ಒಂದಕ್ಕೆ ಎರಡು ರೂಪಾಯಿ ಕೇಳಿದರೆ ಜಗಳ ತೆಗೆಯುವ ನಮ್ಮಕ್ಕ ಮನೆಯಲ್ಲಿ ಕೂತು ಆರೂವರೆ ಕೊಡುತ್ತಿದ್ದಳು.

ಮೊದಲ ಅನುಮಾನ ಅಂಗಡಿಯವರ ಮೇಲೆ

ಕಪ್ಪು ಕಾರ್ಟ್ರಿಜ್‌ಗೆ ಕಂಪನಿ ಹೇಳುವುದು 480 ಪುಟ. ನಮಗೆ ಸಿಕ್ಕಿದ್ದು ತಲಾ 220. ಅರ್ಧಕ್ಕಿಂತ ಕಡಿಮೆ. ಮಾಮಾ, ಅಂದರೆ ಅಕ್ಕನ ಗಂಡ, ಕೋರ್ಟಿನಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ಎಲ್ಲದರಲ್ಲೂ ಮೊದಲು ಮೋಸವೇ ಅವರ ಕಣ್ಣಿಗೆ ಬೀಳುವುದು. "ಅಂವ ಡುಪ್ಲಿಕೇಟ್ ಕೊಟ್ಟಾನ. ಗ್ರಾಹಕರ ಆಯೋಗಕ್ಕ ಹಾಕೂಣು" ಅಂದರು.

ಕಾರ್ಟ್ರಿಜ್ ಬಂದ ಡಬ್ಬಗಳನ್ನು ಅಕ್ಕ ಎಸೆದಿರಲಿಲ್ಲ. ಅವಳು ಯಾವುದನ್ನೂ ಎಸೆಯುವುದಿಲ್ಲ. ಎಂಆರ್‌ಪಿ ಇತ್ತು, ತಯಾರಾದ ತಿಂಗಳು ವರ್ಷ ಇತ್ತು. ಇವೆಲ್ಲ ಪ್ಯಾಕಿನ ಮೇಲೆ ಇರಲೇಬೇಕು ಅಂತ ಪ್ಯಾಕ್ ಮಾಡಿದ ಸರಕಿನ 2011ರ ನಿಯಮಗಳೇ ಹೇಳುತ್ತವೆ. ವಾರಂಟಿ ಮುಗಿಯುವ ದಿನ ಕಾರ್ಟ್ರಿಜ್ ಮೇಲೆಯೇ ಅಚ್ಚಾಗಿತ್ತು, ಇನ್ನೂ ದೂರ ಇತ್ತು. ಸೀಲ್ ಮೇಲಿನ ಕ್ಯೂಆರ್ ಸ್ಕ್ಯಾನ್ ಮಾಡಿದರೆ ಅಸಲಿ ಅಂತ ಬಂತು. ಲಾಲ್ ಬಹದ್ದೂರ್ ಶಾಸ್ತ್ರಿ ಮಾರ್ಕೆಟ್ ಹತ್ತಿರದ ಆ ಅಂಗಡಿಯವರು ಎಂಆರ್‌ಪಿಗಿಂತ ಕಡಿಮೆಗೇ ಕೊಟ್ಟಿದ್ದರು, ಪಕ್ಕಾ ಬಿಲ್ ಕೊಟ್ಟಿದ್ದರು. ಮಾಮಾನ ಕೇಸ್ ಅಲ್ಲಿಗೇ ಬಿದ್ದುಹೋಯಿತು.

ಒಂದು ಮೋಸ ಆಗಿತ್ತು ನಿಜ. ಅದು ನಮಗೆ ನಾವೇ ಮಾಡಿಕೊಂಡದ್ದು. ನನ್ನ ಅಳಿಯ, ಅಂದರೆ ಅಕ್ಕನ ಮಗ, ನೂರು ರೂಪಾಯಿ ಉಳಿಯುತ್ತದೆ ಅಂತ ಆನ್‌ಲೈನ್‌ನಲ್ಲಿ ಒಂದು ಕಪ್ಪು ಕಾರ್ಟ್ರಿಜ್ ತರಿಸಿದ್ದ. ಆಕಾರ ಅದೇ, ಮುಚ್ಚಳ ಅದೇ, ಸ್ಲಾಟಿನಲ್ಲಿ ಟಕ್ ಅಂತ ಕೂತಿತು. ನಂಬರಿನ ಕೊನೆಯ ಅಂಕಿ ಮಾತ್ರ ಬೇರೆ. ಪ್ರಿಂಟರ್ ಅದನ್ನು ಒಪ್ಪಲಿಲ್ಲ. ಪ್ಯಾಕ್ ಹರಿದ ಮೇಲೆ ಯಾರು ವಾಪಸ್ ತೆಗೆದುಕೊಳ್ಳುತ್ತಾರೆ? ಅದು ಇನ್ನೂ ಕಪಾಟಿನಲ್ಲಿದೆ. ಮೇಲಿನ ಲೆಕ್ಕದಲ್ಲಿ ಅದನ್ನು ಹಿಡಿದಿಲ್ಲ, ಹಿಡಿದರೆ ಅಳಿಯನಿಗೆ ಬೇಜಾರು.

ಅಂಗಡಿಯವರು ಇದಕ್ಕೊಂದು ಒಳ್ಳೆಯ ಮಾತು ಹೇಳಿದರು. "ಸರ್, ಪ್ರಿಂಟರ್ ಹೆಸರು ಹೇಳಬ್ಯಾಡ್ರಿ. ಹಳೇ ಕಾರ್ಟ್ರಿಜ್ ಕಿಸೇದಾಗ ಹಾಕ್ಕೊಂಡ ಬರ್ರಿ. ಅದರ ಮ್ಯಾಲ ಇರೂ ನಂಬರೇ ನಂಬರ." ಅಂದಿನಿಂದ ನಾನು ಯಾರಿಗೆ ಹೇಳಿದರೂ ಇದನ್ನೇ ಹೇಳುತ್ತೇನೆ.

ಗ್ರಾಫ್ ಹಾಳೆ

ಹಾಗಾದರೆ ಇಂಕ್ ಎಲ್ಲಿ ಹೋಯಿತು?

480 ಪುಟ ಅನ್ನುವುದು ಹೇಗೆ ಬರುತ್ತದೆ ಅಂತ ಮೊದಲು ನೋಡಬೇಕು. ಬಣ್ಣದ ಇಂಕ್‌ಜೆಟ್‌ಗೆ ಐಎಸ್ಒ/ಐಇಸಿ 24711 ಅಂತ ಒಂದು ಅಂತರರಾಷ್ಟ್ರೀಯ ಅಳತೆಯ ಕ್ರಮ ಇದೆ. ಗೊತ್ತುಮಾಡಿದ ಐದು ಪುಟಗಳನ್ನು ಇಂಕ್ ಮುಗಿಯುವವರೆಗೆ ತಿರುಗಿಸಿ ತಿರುಗಿಸಿ ಒಂದೇ ಸಮ ಅಚ್ಚು ಹಾಕುತ್ತಾರೆ. ಕೋಣೆ 23 ಡಿಗ್ರಿ ಆಸುಪಾಸು ಇರಬೇಕು. ನಮ್ಮ ಊರಿನ ಏಪ್ರಿಲ್ ತಿಂಗಳನ್ನು ಆ ಕ್ರಮ ಬರೆದವರು ಕಂಡಿರಲಿಕ್ಕಿಲ್ಲ. ವ್ಯಾಪಾರದವರ ಬಾಯಲ್ಲಿ ಇನ್ನೊಂದು ಸರಳ ಲೆಕ್ಕ ಓಡಾಡುತ್ತದೆ. ಪುಟದ ನೂರರಲ್ಲಿ ಐದು ಪಾಲು ಮಾತ್ರ ಇಂಕ್ ತಾಗಿರುವ ಪುಟ. ನಾನು ಈ ಐದನ್ನೇ ಹಿಡಿದುಕೊಂಡೆ.

ಎ4 ಹಾಳೆ 21 ಸೆಂ.ಮೀ. ಅಗಲ, 29.7 ಸೆಂ.ಮೀ. ಉದ್ದ. ಸುಮಾರು 624 ಚದರ ಸೆಂ.ಮೀ. ಅದರ ನೂರಕ್ಕೆ ಐದು ಅಂದರೆ 31. ಒಂದೂವರೆ-ಎರಡು ಬೆಂಕಿಪೆಟ್ಟಿಗೆಯನ್ನು ಹಾಳೆ ಮೇಲೆ ಮಲಗಿಸಿದಷ್ಟು ಕಪ್ಪು, ಅಷ್ಟೇ. ಇದು ಕೇಳಿ ಅಕ್ಕನಿಗೆ ಆಶ್ಚರ್ಯವಾಯಿತು. "ಇಡೀ ಹಾಳಿಗೆ ಇಷ್ಟs ಏನು?" ಅಂದಳು.

ಅಳಿಯನ ಹತ್ತಿರ ಗ್ರಾಫ್ ಹಾಳೆ ಇತ್ತು. ಪ್ರಶ್ನೆಪತ್ರಿಕೆಯ ಮೇಲೆ ಅದನ್ನು ಇಟ್ಟು ಕಿಟಕಿಯ ಗಾಜಿಗೆ ಹಿಡಿದು ಎಣಿಸಿದೆವು. ಆಕೃತಿಗಳನ್ನು ಚೌಕ ಚೌಕವಾಗಿ ಎಣಿಸಿದೆವು. ಅಕ್ಷರವನ್ನು ಹಾಗೆ ಎಣಿಸಲು ಆಗದು. ಒಂದು ಸಾಲಿನಲ್ಲಿ ಎಷ್ಟು ಕಪ್ಪು ಅಂತ ಭೂತಗನ್ನಡಿ ಹಿಡಿದು ನೋಡಿ, ಸಾಲುಗಳಿಂದ ಗುಣಿಸಿದೆವು. ಕಚ್ಚಾ ಲೆಕ್ಕವೇ. ಆದರೂ ಅರ್ಧ ಗಂಟೆಯಲ್ಲಿ ಕಳ್ಳ ಸಿಕ್ಕ.

ನಾನು ಅನುಮಾನಪಟ್ಟದ್ದು ಮಾನಸಿಕ ಸಾಮರ್ಥ್ಯದ ಕಪ್ಪು ತ್ರಿಕೋನಗಳ ಮೇಲೆ. ಅವು ಒಂದು ಹಾಳೆಯಲ್ಲಿ 26, ಇನ್ನೊಂದರಲ್ಲಿ 24 ಚದರ ಸೆಂ.ಮೀ. ಬಂದವು. ಭಾಷೆಯ ಹಾಳೆ 17, ಗಣಿತದ್ದು 13. ಎಲ್ಲವೂ 31ರ ಒಳಗೆ! ನಿಜವಾದ ಕಳ್ಳ ಹಾಳೆಯ ತಲೆಯ ಮೇಲೆಯೇ ಕೂತಿದ್ದ. ಮಾಮಾ ಟ್ಯೂಷನ್ನಿಗೆ ಮನೆದೇವರ ಹೆಸರಿಟ್ಟು, ಅದು ಎದ್ದು ಕಾಣಲಿ ಅಂತ ಪ್ರತಿ ಹಾಳೆಯ ಮೇಲೂ ಕಪ್ಪು ಪಟ್ಟಿ ಹಾಕಿಸಿ, ಒಳಗೆ ಬಿಳಿ ಅಕ್ಷರ ಬರೆಸಿದ್ದರು. ಪಟ್ಟಿಯ ಉದ್ದ 18 ಸೆಂ.ಮೀ., ಎತ್ತರ 2. ಬಿಳಿ ಅಕ್ಷರಕ್ಕೆ ಸ್ವಲ್ಪ ಬಿಟ್ಟರೂ 36ರ ಹತ್ತಿರ. ಒಂದು ಪ್ರಶ್ನೆಯೂ ಅಚ್ಚಾಗುವ ಮೊದಲೇ ಕಂಪನಿ ಲೆಕ್ಕದ ಒಂದು ಪುಟಕ್ಕಿಂತ ಜಾಸ್ತಿ ಇಂಕ್ ಹೋಗಿರುತ್ತಿತ್ತು.

ಪ್ರಶ್ನೆ, ಪಟ್ಟಿ ಎರಡನ್ನೂ ನಾಲ್ಕು ಹಾಳೆಗೆ ಕೂಡಿಸಿದರೆ 224. ಅದರಲ್ಲಿ ಪಟ್ಟಿಯದೇ 144. ಮೂರರಲ್ಲಿ ಎರಡು ಪಾಲಿನ ಹತ್ತಿರ. ಸರಾಸರಿ ಹಾಳೆಗೆ 56. 480ನ್ನು 31ರಿಂದ ಗುಣಿಸಿ 56ರಿಂದ ಭಾಗಿಸಿದರೆ ಕಾರ್ಟ್ರಿಜ್ ಒಂದಕ್ಕೆ 266 ಪುಟ ಬರಬೇಕು. ಪಟ್ಟಿ ಇಲ್ಲದಿದ್ದರೆ ಹಾಳೆಗೆ ಬರೀ 20, ಪುಟಗಳು 700 ದಾಟಬೇಕು. ಕಂಪನಿ ಹೇಳಿದ್ದಕ್ಕಿಂತಲೂ ಹೆಚ್ಚು. ಕಪ್ಪು ಇಂಕಿಗೆ ಕೊಟ್ಟ 4,450ರಲ್ಲಿ ಎರಡು ಸಾವಿರದ ಮೇಲೆ ಹೆಸರಿನ ಪಟ್ಟಿಗೇ ಹೋಗಿತ್ತು.

ಇದನ್ನು ಮಾಮಾನಿಗೆ ಹೇಳುವ ಕೆಲಸ ನನ್ನ ತಲೆಗೆ ಬಂತು. ಸುಮ್ನೆ ಗ್ರಾಫ್ ಹಾಳೆಯನ್ನು ಅವರ ಮುಂದೆ ಇಟ್ಟೆ. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಎಣಿಸಿದರು. ಆಮೇಲೆ, "ಚಹಾ ತಗೋ" ಅಂದರು.

ಬಣ್ಣದ್ದು ಯಾಕೆ ಮುಗಿಯಿತು?

ಇದು ನನಗೆ ಇನ್ನೂ ಸ್ವಾರಸ್ಯದ್ದು ಅನಿಸಿತು. ಅಕ್ಕ ಬಣ್ಣದಲ್ಲಿ ಏನನ್ನೂ ಅಚ್ಚು ಹಾಕಿರಲಿಲ್ಲ. ಆದರೂ ಬಣ್ಣದ ಕಾರ್ಟ್ರಿಜ್ ಮೂರು ಮುಗಿದಿದ್ದವು.

ಉತ್ತರ ಅವಳ ಮೊಬೈಲಿನಲ್ಲಿತ್ತು. ಹಳೆಯ ಪ್ರಶ್ನೆಪತ್ರಿಕೆಗಳ ಚಿತ್ರಗಳನ್ನು ರಾತ್ರಿ ಅಡುಗೆ ಮುಗಿಸಿ, ಬಲ್ಬಿನ ಬೆಳಕಿನಲ್ಲಿ ಫೋಟೊ ತೆಗೆದು ಸೇರಿಸುತ್ತಿದ್ದಳು. ನಮ್ಮ ಕಣ್ಣಿಗೆ ಅದು ಬಿಳಿ ಹಾಳೆಯ ಮೇಲಿನ ಕಪ್ಪು ಚಿತ್ರ. ಪ್ರಿಂಟರಿಗೆ ಹಾಗಲ್ಲ. ಅದು ಹಳದಿ ಹಳದಿ ಬೂದು ಹಿನ್ನೆಲೆಯ ಒಂದು ಬಣ್ಣದ ಫೋಟೊ. ಆ ಮಸುಕನ್ನೂ ಅದು ಮೂರು ಬಣ್ಣ ಬೆರೆಸಿ ನಿಷ್ಠೆಯಿಂದ ಅಚ್ಚು ಹಾಕುತ್ತಿತ್ತು. ಹಾಳೆಯನ್ನು ಬಿಸಿಲಿಗೆ ಹಿಡಿದು ನೋಡಿದರೆ ಚಿತ್ರಗಳ ಸುತ್ತ ತೆಳ್ಳಗೆ ಹೊಗೆ ಬಡಿದಂತೆ ಕಾಣುತ್ತಿತ್ತು. ಮೂರು ತಿಂಗಳು ಯಾರೂ ಗಮನಿಸಿರಲಿಲ್ಲ, ಮಕ್ಕಳೂ ಸಹ.

ಇಂಥ ಕಾರ್ಟ್ರಿಜ್‌ನಲ್ಲಿ ಇನ್ನೊಂದು ತೊಂದರೆ ಇದೆ. ಮೂರರಲ್ಲಿ ಒಂದು ಬಣ್ಣ ಮುಗಿದರೆ ಇಡೀ ಕಾರ್ಟ್ರಿಜ್ ಅನ್ನೇ ಬದಲಿಸಬೇಕು. ಬಿಸ್ಕೀಟಿನ ಡಬ್ಬಿಯಲ್ಲಿದ್ದ ಬಣ್ಣದ ಮೂರು ಕಾರ್ಟ್ರಿಜ್‌ಗಳನ್ನು ಟಿಶ್ಯೂ ಕಾಗದದ ಮೇಲೆ ಒತ್ತಿದೆ. ಕೆಂಪು, ನೀಲಿ ಗುರುತು ಚೆನ್ನಾಗಿ ಬಿತ್ತು. ಹಳದಿ ಬೀಳಲೇ ಇಲ್ಲ.

ಇದಕ್ಕೆ ಔಷಧ ಸರಳ. ಫೋಟೊದ ಬದಲು ಸ್ಕ್ಯಾನ್ ಆ್ಯಪ್‌ನಲ್ಲಿ ಕಪ್ಪು-ಬಿಳುಪು ಅಂತ ಆರಿಸಬೇಕು. ಆಗ ಹಿನ್ನೆಲೆ ನಿಜವಾಗಿ ಬಿಳಿಯಾಗುತ್ತದೆ. ಪ್ರಿಂಟ್ ಕೊಡುವಾಗ 'ಕಪ್ಪು ಇಂಕ್ ಮಾತ್ರ' ಅನ್ನುವುದನ್ನೂ ಒತ್ತಬೇಕು. ಬರೀ ಗ್ರೇಸ್ಕೇಲ್, ಅಂದರೆ ಬೂದು ಛಾಯೆ, ಅಂತ ಒತ್ತಿದರೆ ಕೆಲವು ಪ್ರಿಂಟರ್‌ಗಳು ಬೂದು ಬಣ್ಣಕ್ಕೂ ಮೂರು ಬಣ್ಣ ಬೆರೆಸುತ್ತವೆ.

ಶನಿವಾರದ ತೊಳೆಯುವಿಕೆ

266 ಬರಬೇಕಿತ್ತು, 220 ಬಂತು. ಉಳಿದ 46 ಎಲ್ಲಿ?

ವಾರಕ್ಕೆ ಒಂದೇ ದಿನ ಪ್ರಿಂಟ್. ನಡುವೆ ಆರು ದಿನ ಸುಮ್ಮನೆ. ಕೂದಲಿಗಿಂತ ಸಣ್ಣ ತೂತುಗಳಲ್ಲಿ ಇಂಕ್ ಒಣಗುತ್ತದೆ. ಶನಿವಾರ ಬಿಳಿ ಗೆರೆ ಬರುತ್ತದೆ, ಅಕ್ಕ ಹೆಡ್ ಕ್ಲೀನಿಂಗ್, ಅಂದರೆ ಆ ತೂತುಗಳನ್ನು ತೊಳೆಯುವ ಆದೇಶ, ಕೊಡುತ್ತಾಳೆ. ಒಂದರಲ್ಲಿ ಹೋಗದಿದ್ದರೆ ಇನ್ನೆರಡು. ಈ ಕ್ಲೀನಿಂಗಿಗೆ ಬೇರೆ ನೀರೇನೂ ಇಲ್ಲ. ಇಂಕನ್ನೇ ಹಾರಿಸಿ ತೊಳೆಯುವುದು. ಆ ಇಂಕ್ ಒಳಗಿನ ಸ್ಪಂಜಿನ ಪಾಲು.

ಜೊತೆಗೆ ಮಾಮಾನ ಒಂದು ಶಿಸ್ತು. ರಾತ್ರಿ ಮಲಗುವಾಗ ಮನೆಯ ಎಲ್ಲ ಸ್ವಿಚ್ಚನ್ನೂ ಗೋಡೆಯಲ್ಲೇ ಆರಿಸುತ್ತಾರೆ. ಪ್ರಿಂಟರನ್ನು ಅದರ ಸ್ವಂತ ಬಟನ್ನಿನಿಂದ ಆರಿಸಿದರೆ ಕಾರ್ಟ್ರಿಜ್ ಪಕ್ಕಕ್ಕೆ ಸರಿದು ರಬ್ಬರ್ ಮುಚ್ಚಳದ ಮೇಲೆ ಕೂರುತ್ತದೆ, ಒಣಗುವುದು ತಡವಾಗುತ್ತದೆ. ನಡುವೆಯೇ ಕರೆಂಟ್ ಕಿತ್ತರೆ ಬಾಯಿ ತೆರೆದೇ ನಿಂತುಬಿಡಬಹುದು. ವಿಜಯಪುರದ ಒಣ ಗಾಳಿಗೆ ಅಷ್ಟು ಸಾಕು.

ಇನ್ನೊಂದು, 'ಇಂಕ್ ಕಡಿಮೆ ಇದೆ' ಅಂತ ಬಂದ ಕೂಡಲೇ ಅಕ್ಕ ಕಾರ್ಟ್ರಿಜ್ ಬದಲಿಸುತ್ತಿದ್ದಳು. ಅದು ಬರೀ ಅಂದಾಜು. ಅಕ್ಷರ ಮಸುಕಾಗುವವರೆಗೆ ಓಡಿಸಬಹುದು. ಹಿಂದಿನ ರಾತ್ರಿ ತೆಗೆದಿಟ್ಟ ಕಾರ್ಟ್ರಿಜ್ ಅನ್ನು ತಿರುಗಿ ಹಾಕಿದೆ. ಇನ್ನೂ 34 ಹಾಳೆ ಕೊಟ್ಟಿತು. ಉಳಿದ ನಾಲ್ಕರಲ್ಲಿಯೂ ಸ್ವಲ್ಪ ಸ್ವಲ್ಪ ಇದ್ದಿರಬೇಕು. ಅವು ಒಣಗಿ ಕಲ್ಲಾಗಿದ್ದವು.

ನಮ್ಮ ಮುಂದೆ ಇದ್ದ ದಾರಿಗಳು

ಮೊದಲು ರೀಫಿಲ್. ಒಂದು ಅಂಗಡಿಯಲ್ಲಿ ಕಪ್ಪಿಗೆ 150 ರೂಪಾಯಿ ಕೇಳಿದರು. ಮಾಮಾನಿಗೆ ಒಂದೇ ಚಿಂತೆ, "ಇದು ಕಾನೂನಿಗೆ ಒಪ್ಪತೈತೇನು?" ನಮ್ಮ ದುಡ್ಡಿನ ಕಾರ್ಟ್ರಿಜ್‌ಗೆ ನಾವು ಇಂಕ್ ತುಂಬಿಸಿದರೆ ತಪ್ಪೇನಿಲ್ಲ. ವಾರಂಟಿ ವಿಷಯದಲ್ಲಿ ತಕರಾರು ಬರಬಹುದು, ಅಷ್ಟೇ. ಅಮೆರಿಕದಲ್ಲಿ ಇದೇ ಜಗಳ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. ಲೆಕ್ಸ್‌ಮಾರ್ಕ್ ಕಂಪನಿ ಮತ್ತು ಖಾಲಿ ಕಾರ್ಟ್ರಿಜ್ ತುಂಬಿ ಮಾರುವ ಒಂದು ಕಂಪನಿಯ ನಡುವಿನ ಕೇಸ್. ಒಂದು ಸಲ ಮಾರಿದ ಮೇಲೆ ಆ ವಸ್ತುವಿನ ಮೇಲೆ ಪೇಟೆಂಟ್ ಹಕ್ಕು ನಡೆಯುವುದಿಲ್ಲ ಅಂತ 2017ರ ಮೇ ತಿಂಗಳಲ್ಲಿ ತೀರ್ಪು ಬಂತು. ಇದನ್ನು ಹೇಳಿದ ಮೇಲೆ ಮಾಮಾ ಸಮಾಧಾನವಾದರು. ನಮ್ಮ ದೇಶದ ತೀರ್ಪಲ್ಲ ಅಂತ ಗೊತ್ತಿದ್ದರೂ.

ರೀಫಿಲ್ ಮಾಡಿಸಿದ ಕಪ್ಪು ಮೊದಲ ಸಲ ಚೆನ್ನಾಗಿಯೇ ಬಂತು. ಪರದೆಯ ಮೇಲೆ ಮಾತ್ರ 'ಖಾಲಿ' ಅಂತಲೇ ತೋರಿಸುತ್ತಿತ್ತು. ಎರಡನೇ ಸಲ ತುಂಬಿಸಿದಾಗ ಸೋರಿತು. ಅಕ್ಕನ ಬೆರಳು ನಾಲ್ಕು ದಿನ ಕಪ್ಪಗೇ ಇದ್ದವು. ಈ ಜಾತಿಯ ಕಾರ್ಟ್ರಿಜ್‌ನಲ್ಲಿ ಇಂಕ್ ಹಾರಿಸುವ ಹೆಡ್ ಕೂಡ ಅದರಲ್ಲೇ ಇರುತ್ತದೆ. ಇಂಕನ್ನು ಕ್ಷಣದಲ್ಲಿ ಕಾಯಿಸಿ, ಗುಳ್ಳೆ ಎಬ್ಬಿಸಿ, ಹನಿಯನ್ನು ಹೊರಗೆ ತಳ್ಳುವ ಕೆಲಸ ಅದರದು. ಹೊಸ ಕಾರ್ಟ್ರಿಜ್ ದುಬಾರಿಯಾಗಲು ಇದೂ ಒಂದು ಕಾರಣ. ತುಂಬಿಸಿ ತುಂಬಿಸಿ ಓಡಿಸಿದರೆ ಅದು ಸವೆಯುತ್ತದೆ. ನನ್ನ ಮಾತು ಕೇಳಿದರೆ ಕಪ್ಪನ್ನು ಒಂದೆರಡು ಸಲ ತುಂಬಿಸಿ. ಮೂರು ಬಣ್ಣದ್ದರ ಹತ್ತಿರ ಸಿರಿಂಜ್ ಒಯ್ಯಬೇಡಿ, ಒಂದು ಬಣ್ಣ ಇನ್ನೊಂದರೊಳಗೆ ಸೇರಿದರೆ ಮುಗಿಯಿತು.

ಎರಡನೆಯದು ಇಂಕ್ ಟ್ಯಾಂಕ್ ಪ್ರಿಂಟರ್. ಮೊದಲು ಅಂಗಡಿಯವರೇ ಸಣ್ಣ ಪೈಪು, ಬಾಟಲಿ ಕಟ್ಟಿ ಪ್ರಿಂಟರಿಗೆ ಹೊರಗಿನಿಂದ ಇಂಕ್ ಹಾಯಿಸುತ್ತಿದ್ದರು. ಆಮೇಲೆ ಕಂಪನಿಗಳೇ ಆ ದಾರಿ ಹಿಡಿದವು. ಎಪ್ಸನ್ 2010ರಲ್ಲಿ ಇಂಡೋನೇಷ್ಯಾದಲ್ಲಿ ಮೊದಲು ತಂದಿತು. ಅದರ 003 ನಂಬರಿನ ಕಪ್ಪು ಬಾಟಲಿ 65 ಮಿ.ಲೀ., ಕಂಪನಿಯ ಲೆಕ್ಕದಲ್ಲಿ 4,500 ಪುಟ. ಹಾಳೆಗೆ ಪೈಸೆಗಳಲ್ಲಿ ಮುಗಿಯುತ್ತದೆ. ಆದರೆ ಪ್ರಿಂಟರಿಗೆ ಹನ್ನೆರಡು ಸಾವಿರದ ಹತ್ತಿರ ಬೇಕು. ಅದರಲ್ಲಿ ಹೆಡ್ ಪ್ರಿಂಟರಿನೊಳಗೇ ಇರುತ್ತದೆ, ಒಣಗಿದರೆ 890 ಕೊಟ್ಟು ಹೊಸದು ಹಾಕಲು ಬರುವುದಿಲ್ಲ.

ಮೂರನೆಯದು ಲೇಸರ್ ಪ್ರಿಂಟರ್. ಅದು ಒಣಗುವುದಿಲ್ಲ, ಒಳಗೆ ಇಂಕಿನ ಬದಲು ಪುಡಿ ಇರುತ್ತದೆ. ವಾರಕ್ಕೊಮ್ಮೆ ಪ್ರಿಂಟ್ ಮಾಡುವವರಿಗೆ ನಾನು ಅದನ್ನೇ ಹೇಳುತ್ತೇನೆ. ಅಕ್ಕನ ಮನೆಯಲ್ಲಿ ಒಂದು ಅಡ್ಡಿ. ಪುಡಿಯನ್ನು ಹಾಳೆಗೆ ಕಾಯಿಸಿ ಅಂಟಿಸುವಾಗ ಅದು ಒಮ್ಮೆಲೇ ಜಾಸ್ತಿ ಕರೆಂಟ್ ಎಳೆಯುತ್ತದೆ. ಮನೆಯ ಸಣ್ಣ ಇನ್ವರ್ಟರ್ ಟ್ರಿಪ್ ಆಗುತ್ತದೆ. ಶನಿವಾರ ರಾತ್ರಿ ಕರೆಂಟ್ ಹೋದರೆ ಮತ್ತೆ ನನಗೇ ಫೋನ್.

ಕೊನೆಗೆ ಹಿಡಿದದ್ದು ಹಳೆಯ ದಾರಿ. ಮನೆಯಲ್ಲಿ ಒಂದು ಮೂಲ ಪ್ರತಿ ಮಾತ್ರ, ನಾಲ್ಕು ಹಾಳೆ. ಉಳಿದ ಅರವತ್ತೆಂಟು ಜೆರಾಕ್ಸ್. ವಾರ ವಾರ ತರುತ್ತೇವೆ ಅಂದ ಮೇಲೆ ಅಂಗಡಿಯವನು ಒಂದು ರೂಪಾಯಿಗೆ ಒಪ್ಪಿದ. ಮೊದಲಿನಿಂದ ಹೀಗೇ ಮಾಡಿದ್ದರೆ ಹದಿನೈದು ವಾರಕ್ಕೆ 1,020 ರೂಪಾಯಿ ಆಗುತ್ತಿತ್ತು.

ಅಕ್ಕ ಸುಲಭಕ್ಕೆ ಒಪ್ಪಲಿಲ್ಲ. "ಆ ಅಂಗಡ್ಯಾಗ ನನ್ನ ಟ್ಯೂಷನ್ ಹುಡುಗರ ಅಪ್ಪಂದಿರs ನಿಂತಿರ್ತಾರ. ಪೇಪರ್ ಲೀಕ್ ಆಗ್ತೈತಿ" ಅಂದಳು. ನಗು ಬಂದರೂ ಮಾತು ಸುಳ್ಳಲ್ಲ. ಈಗ ಶನಿವಾರ ಅಂಗಡಿ ಮುಚ್ಚುವ ಹೊತ್ತಿಗೆ ಅವಳೇ ಹೋಗುತ್ತಾಳೆ. ಕೊನೆಯ ಹಾಳೆ ಬರುವವರೆಗೆ ಯಂತ್ರದ ಮುಂದೆ ಸೆರಗು ಅಡ್ಡ ಹಿಡಿದು ನಿಲ್ಲುತ್ತಾಳೆ.

ಸೆಪ್ಟೆಂಬರಿನಲ್ಲಿ ಹಾಕಿದ ಕಪ್ಪು ಕಾರ್ಟ್ರಿಜ್ ಸಂಕ್ರಾಂತಿ ದಾಟಿದರೂ ಓಡುತ್ತಿತ್ತು. ವಾರಕ್ಕೆ ನಾಲ್ಕೇ ಹಾಳೆ ಆದದ್ದರಿಂದ ಒಣಗುವ ಭಯ ಮಾತ್ರ ಹೆಚ್ಚಾಯಿತು. ಅದಕ್ಕೆ ಬುಧವಾರ ಒಂದು ಹಾಳೆ ತೆಗೆಯುತ್ತಾಳೆ, ಬಣ್ಣದ ಒಂದು ಸಣ್ಣ ಹೂವೂ ಅದರಲ್ಲಿ ಇರುತ್ತದೆ. ಗೋಡೆಯ ಸ್ವಿಚ್ಚಿನ ಮೇಲೆ ಮಾಮಾನಿಗಾಗಿ ಒಂದು ಚೀಟಿ ಅಂಟಿಸಿದ್ದಾಳೆ. ಮುಂದಿನ ಜೂನ್‌ನಲ್ಲಿ ಮಕ್ಕಳು ಮೂವತ್ತು ದಾಟಿದರೆ ಟ್ಯಾಂಕಿನ ಪ್ರಿಂಟರ್ ನೋಡೋಣ ಅಂದಿದ್ದೇನೆ. ಖಾಲಿ ಕಾರ್ಟ್ರಿಜ್‌ಗಳ ಡಬ್ಬಿ ಇನ್ನೂ ಹಾಗೇ ಇದೆ. ಇ-ತ್ಯಾಜ್ಯದ ನಿಯಮದಲ್ಲಿ ಪ್ರಿಂಟರಿನ ಜೊತೆ ಕಾರ್ಟ್ರಿಜ್‌ಗಳನ್ನೂ ಸೇರಿಸಿದ್ದಾರೆ. ಕಸದ ಗಾಡಿಗೆ ಹಾಕಬೇಡ ಅಂತ ನಾನೇ ತಡೆದಿದ್ದೇನೆ.

ಹೆಸರಿನ ಪಟ್ಟಿ ಹೋಯಿತು. ಅದರ ಜಾಗದಲ್ಲಿ ಎರಡು ಸಣ್ಣ ಗೆರೆ, ನಡುವೆ ಕಪ್ಪು ಅಕ್ಷರದಲ್ಲಿ ಹೆಸರು. ಮಾಮಾ ಪ್ರತಿ ರವಿವಾರ ಒಂದು ಹಾಳೆ ಎತ್ತಿ ದೂರ ಹಿಡಿದು ನೋಡುತ್ತಾರೆ. "ಹೆಸರs ಕಾಣೂದಿಲ್ಲಲೋ" ಅನ್ನುತ್ತಾರೆ.